‘ಟೈಟೇನಿಯಂ’ ಅಂತ ಮಡಚುವ ಚಾಕು ತಗೊಳ್ಳೋರು ಮೊದಲು ಇದನ್ನ ಓದಿ

ಟೈಟೇನಿಯಂ ಹ್ಯಾಂಡಲ್, ಡಿ2 ಅನ್ನೋ ಗಟ್ಟಿ ಸ್ಟೀಲಿನ ಅಲಗು, ಬೇರಿಂಗ್ ಮೇಲೆ ತೆರೆಯುತ್ತೆ, ಎಲ್ಲ ಸೇರಿ 2,650 ರೂಪಾಯಿ. ಬಂದದ್ದು ಅಲ್ಯೂಮಿನಿಯಂ. ಪೂರ್ತಿ ಓದೋಕೆ ಪುರುಸೊತ್ತಿಲ್ಲದವರು ಇಷ್ಟು ತಿಳ್ಕೊಳ್ಳಿ: ಅಯಸ್ಕಾಂತ ಅಂಟಲಿಲ್ಲ ಅಂದ ಮಾತ್ರಕ್ಕೆ ಅದು ಟೈಟೇನಿಯಂ ಅಲ್ಲ. ಅಲ್ಯೂಮಿನಿಯಂಗೂ ಅಂಟಲ್ಲ, ಹಿತ್ತಾಳೆಗೂ ಅಂಟಲ್ಲ, ಅಡುಗೆಮನೆಯ ಎಷ್ಟೋ ಸ್ಟೀಲ್ ಪಾತ್ರೆಗೂ ಅಂಟಲ್ಲ. ಇದೆಲ್ಲ ಗೊತ್ತಿದ್ದೂ ಮೋಸ ಹೋದೆ, ಅದಕ್ಕೇ ಹೊಟ್ಟೆ ಉರಿಯೋದು.

ಮಾರಿದವರದ್ದು ಒಂದು ಆನ್‌ಲೈನ್ ಪೇಜ್. ಹೆಸರು ಬರೆಯಲ್ಲ, ಬರೆದರೆ ನಾಳೆ ಬೇರೆ ಹೆಸರಲ್ಲಿ ಬರ್ತಾರೆ. ಫೋಟೋದಲ್ಲಿ ಇದ್ದದ್ದು ಫ್ರೇಮ್‌ಲಾಕ್. ಹ್ಯಾಂಡಲಿನ ಒಂದು ಬದಿಯ ಲೋಹವನ್ನೇ ಸೀಳಿ ಪಟ್ಟಿ ಮಾಡಿರ್ತಾರೆ, ಅಲಗು ತೆರೆದಾಗ ಆ ಪಟ್ಟಿ ಒಳಕ್ಕೆ ಬಾಗಿ ಅಲಗಿನ ಬುಡಕ್ಕೆ ಒತ್ತು ಕೊಡುತ್ತೆ. ಇಂಥ ಚಾಕುವಿಗೆ ಟೈಟೇನಿಯಂ ಹಾಕೋದಕ್ಕೆ ಅರ್ಥ ಇದೆ: ಸ್ಪ್ರಿಂಗಿನ ಹಾಗೆ ಬಾಗಿ ವಾಪಸ್ ಬರುತ್ತೆ, ಬೆವರಿಗೂ ಮಳೆಗೂ ತುಕ್ಕಿಲ್ಲ, ತೂಕ ಸ್ಟೀಲಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಡಬ್ಬಿ ತೆರೆದರೆ ಲೈನರ್‌ಲಾಕ್! ಹೊರಗೆ ಬೂದು ಬಣ್ಣದ ಎರಡು ಪ್ಲೇಟು, ಒಳಗೆ ಲೈನರ್ ಅನ್ನೋ ತೆಳು ಸ್ಟೀಲ್ ಪಟ್ಟಿ, ಅಲಗಿಗೆ ಒತ್ತು ಕೊಡೋದು ಅದೇ. ಆವತ್ತೇ ವಾಪಸ್ ಕಳಿಸಬೇಕಿತ್ತು. ಕಳಿಸಲಿಲ್ಲ.

ಹ್ಯಾಂಡಲಿಗೆ ಅಯಸ್ಕಾಂತ ಇಟ್ಟೆ, ಮೆಲ್ಲಗೆ ಎಳೀತು. ಮೆಸೇಜ್ ಹಾಕಿದೆ. ಎರಡೇ ನಿಮಿಷದಲ್ಲಿ ಉತ್ತರ: ‘ಅದು ಒಳಗಿನ ಲೈನರ್ ಎಳೆಯೋದು ಸರ್. ಹೊರಗಿನ ಪ್ಲೇಟ್ ಬಿಚ್ಚಿ ನೋಡಿ, ಅಂಟಲ್ಲ. ಪ್ಯೂರ್ ಟೈಟೇನಿಯಂ ಸರ್.’ ಬಿದ್ದದ್ದು ಇಲ್ಲೇ. ಯಾಕಂದ್ರೆ ಮಾತಿನ ಮೊದಲರ್ಧ ನಿಜ, ಎಳೀತಿದ್ದದ್ದು ಲೈನರೇ. ಟಿ8 ಅನ್ನೋ ನಕ್ಷತ್ರ ಮೂತಿಯ ಸ್ಕ್ರೂಡ್ರೈವರ್ ಬಿಟ್ ಹಾಕಿ ಬಿಚ್ಚಿದೆ, ಪ್ಲೇಟಿಗೆ ಅಂಟಲಿಲ್ಲ, ‘ಥ್ಯಾಂಕ್ಸ್ ಬ್ರದರ್’ ಅಂತ ಬೇರೆ ಕಳಿಸಿದೆ. ಥ್ಯಾಂಕ್ಸ್ ಅಂತೆ! ಆ ಮೆಸೇಜ್ ಈಗಲೂ ಫೋನಲ್ಲಿದೆ.

ಅನುಮಾನ ಶುರುವಾದದ್ದು ಅಲಗಿನಿಂದ. ಡಿ2ನಲ್ಲಿ ಕ್ರೋಮಿಯಂ ಶೇಕಡ 11ರಿಂದ 13 ಇದ್ದರೂ ಇಂಗಾಲ ಒಂದೂವರೆಯಷ್ಟು ಇರುತ್ತೆ. ಆ ಇಂಗಾಲ ಒಂದಷ್ಟು ಕ್ರೋಮಿಯಂ ಹಿಡಿದಿಟ್ಕೊಳ್ಳೋದ್ರಿಂದ ಅದು ಪೂರ್ತಿ ಸ್ಟೇನ್‌ಲೆಸ್ ಅಲ್ಲ. ನಮ್ಮ ಕೊಡಗಿನ ಜೂನ್ ಮಳೆಯಲ್ಲಿ ಒದ್ದೆ ಜೇಬಿನಲ್ಲಿಟ್ಟು ಎಣ್ಣೆ ಒರೆಸದೆ ಬಿಟ್ಟರೆ ಕಂದು ಚುಕ್ಕೆ ಬರಬೇಕು. ಕಿತ್ತಳೆ ಕೊಯ್ದು ಒರೆಸದೆ ಮಡಚಿಟ್ಟರೂ ಕಲೆ ಕೂರಬೇಕು. ಇದಕ್ಕೆ ವಾರ ಕಳೆದರೂ ಒಂದು ಚುಕ್ಕೆ ಇಲ್ಲ. ಬೇರೆಯವರಾದರೆ ಖುಷಿಪಡ್ತಿದ್ರೋ ಏನೋ. ಅದೇ ಹೊತ್ತಿಗೆ ಕಾಫಿ ಚೀಲದ ಹುರಿ ಇಪ್ಪತ್ತು ಸಲ ಕೊಯ್ಯುವಷ್ಟರಲ್ಲಿ ಬಾಯಿ ಮಡಚ್ಕೊಂಡಿತ್ತು. ಬುಡದಲ್ಲಿ, ಕಾಣದ ಕಡೆ, ಅರ ಇಟ್ಟು ಎಳೆದೆ. ಗಡಸುತನ ಅಳೆಯುವ ರಾಕ್‌ವೆಲ್ ಲೆಕ್ಕದಲ್ಲಿ 60ರ ಆಸುಪಾಸು ಹದ ಇದ್ದರೆ ಅರ ಗಾಜಿನ ಮೇಲೆ ಎಳೆದ ಹಾಗೆ ಜಾರುತ್ತೆ. ಇಲ್ಲಿ ಕಚ್ಚಿ ಪುಡಿ ಉದುರಿತು. 3ಸಿಆರ್13 ಥರದ ಮೆದು ಸ್ಟೇನ್‌ಲೆಸ್ ಇರಬೇಕು. ತುಕ್ಕು ಹಿಡಿಯಲ್ಲ, ಹರಿತವೂ ನಿಲ್ಲಲ್ಲ.

ಅಲಗೇ ಸುಳ್ಳಾದ ಮೇಲೆ ಹ್ಯಾಂಡಲ್ ನಂಬೋದು ಹೇಗೆ? ತೂಕ ಹಾಕಿದೆ. ಇದನ್ನ ಎಲ್ಲರೂ ಮಾಡಬಹುದು, 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಸಾಕು. ಕ್ಲಿಪ್ಪು, ಸ್ಕ್ರೂ ಎಲ್ಲ ತೆಗೆದು ಬರೀ ಪ್ಲೇಟನ್ನ ತೂಗಿ. ನನ್ನದು 14.3 ಗ್ರಾಂ. ಆಮೇಲೆ ನೀರಿನ ಲೋಟ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಪ್ಲೇಟನ್ನ ನೂಲಿಗೆ ಕಟ್ಟಿ ಪೂರ್ತಿ ಮುಳುಗಿಸಿ, ತಳಕ್ಕೂ ಅಂಚಿಗೂ ತಾಗಬಾರದು, ಗಾಳಿಗುಳ್ಳೆ ಅಂಟಿದ್ದರೆ ಅಲ್ಲಾಡಿಸಿ ಬಿಡಿಸಿ. ಆಗ ತೋರಿಸುವ ತೂಕ ಗ್ರಾಮಲ್ಲಿ ಎಷ್ಟೋ, ಪ್ಲೇಟಿನ ಗಾತ್ರ ಅಷ್ಟು ಸಿಸಿ. ನನಗೆ ಬಂದದ್ದು 5.3. 14.3ನ್ನ 5.3ರಿಂದ ಭಾಗಿಸಿದರೆ 2.7. ಟೈಟೇನಿಯಂ ಆಗಿದ್ದರೆ 4.4ರಿಂದ 4.5 ಬರಬೇಕು, ಸ್ಟೀಲ್ ಆದರೆ ಏಳೂವರೆ ಮೇಲೆ. 2.7 ಅಂದರೆ ಅಲ್ಯೂಮಿನಿಯಂ, ಬೇರೆ ಮಾತೇ ಇಲ್ಲ. ಮೂರು ಸಲ ತೂಗಿದೆ, ಮೂರು ಸಲವೂ ಅದೇ.

ಆದರೂ ಮನಸ್ಸು ಒಪ್ಪಲಿಲ್ಲ. ಗೋಣಿಕೊಪ್ಪದ ಒಂದು ವೆಲ್ಡಿಂಗ್ ಅಂಗಡಿಗೆ ಹೋಗಿ ಪ್ಲೇಟಿನ ಒಳ ಅಂಚನ್ನ ಗ್ರೈಂಡರಿಗೆ ತಾಗಿಸಿದ್ದಾಯ್ತು. ಟೈಟೇನಿಯಂ ಆದರೆ ಕಣ್ಣು ಕುಕ್ಕುವ ಬಿಳಿ ಕಿಡಿ ಹಾರುತ್ತೆ, ನೋಡಿದವರು ಮರೆಯಲ್ಲ. ಒಂದು ಕಿಡಿ ಇಲ್ಲ. ಬೆಳ್ಳಿ ಬಣ್ಣದ ಗೆರೆ ಮೂಡಿತು, ಕಲ್ಲಿಗೆ ಅಲ್ಯೂಮಿನಿಯಂ ಮೆತ್ಕೊಂತು ಅಂತ ಅಂಗಡಿಯವರ ಹತ್ರ ಬೈಸಿಕೊಂಡದ್ದು ಬೇರೆ. ಕೈಲ್‌ಪೊಳ್ದ್ ಅನ್ನೋ ಕೊಡವರ ಆಯುಧಪೂಜೆ ಹಬ್ಬಕ್ಕೆ ಪೀಚೆಕತ್ತಿ, ಒಡಿಕತ್ತಿ ಇಟ್ಟು ಪೂಜೆ ಮಾಡುವ ಊರಲ್ಲಿ, ಕತ್ತಿ ವಿಷಯಕ್ಕೆ ನಾಲ್ಕು ಜನ ಕೇಳಿಕೊಂಡು ಬರುವವನಿಗೆ ಈ ಗತಿ.

ಮತ್ತೆ ಮೆಸೇಜ್. ಅವರ ಉತ್ತರಗಳು ಬಂದ ಕ್ರಮದಲ್ಲೇ:

‘ಅನ್‌ಬಾಕ್ಸಿಂಗ್ ವಿಡಿಯೋ ಕಳಿಸಿ ಸರ್.’
‘ವಿಡಿಯೋ ಇಲ್ಲದೆ ರಿಟರ್ನ್ ಇಲ್ಲ ಸರ್.’
ತೂಕದ ಫೋಟೋ ಕಳಿಸಿದ ಮೇಲೆ, ‘ನೀವು ಸ್ಕ್ರೂ ಬಿಚ್ಚಿದ್ದೀರಿ, ವಾರಂಟಿ ಹೋಯ್ತು ಸರ್.’

ಬಿಚ್ಚಿ ನೋಡಿ ಅಂದವರು ಇವರೇ! ಆ ಸ್ಕ್ರೀನ್‌ಶಾಟ್ ಹಾಕಿದೆ. ಅರ್ಧ ದಿನ ಸುದ್ದಿ ಇಲ್ಲ. ಆಮೇಲೆ, ‘ಟೈಟೇನಿಯಂ ಫಿನಿಶ್ ಅಂತ ಸರ್, ಕಲರ್.’ ಪೇಜ್ ತೆಗೆದು ನೋಡಿದರೆ ‘ಫಿನಿಶ್’ ಅನ್ನೋ ಪದ ಹೊಸದಾಗಿ ಸೇರ್ಕೊಂಡಿದೆ. ಕೊನೆಗೆ, ‘ಈ ರೇಟಿಗೆ ಇನ್ನೇನು ಸಿಗುತ್ತೆ ಸರ್ ನೀವೇ ಹೇಳಿ.’ ಅಲ್ಲಿಗೆ ಬ್ಲಾಕ್.

ನಿಜವಾದ ಟೈಟೇನಿಯಂ ಕಡಿಮೆ ಬೆಲೆಗೆ ಸಿಕ್ಕರೂ ಹಾರಬೇಡಿ. ಲೋಹಕ್ಕೆ, ಅದನ್ನ ಕೊರೆಯೋಕೆ ದುಡ್ಡು ಸುರಿದು ಉಳಿದದ್ದರಲ್ಲಿ ಕೈ ಬಿಗಿ ಹಿಡಿದಿರ್ತಾರೆ. ಲಾಕಿನ ಪಟ್ಟಿಯ ತುದಿಗೆ ಸ್ಟೀಲ್ ತುಂಡು ಕೂರಿಸಿದೆಯಾ ನೋಡಿ. ಇಲ್ಲದಿದ್ದರೆ ಟೈಟೇನಿಯಂ ಅಲಗಿನ ಬುಡಕ್ಕೆ ಕಚ್ಚಿಕೊಂಡು ಮಡಚುವಾಗ ಹೆಬ್ಬೆರಳು ನೋಯುತ್ತೆ. ಪೆನ್ಸಿಲ್ ಸೀಸ ಉಜ್ಜಿದರೆ ನಾಲ್ಕು ದಿನ ಸರಿ, ಮತ್ತೆ ಅದೇ. ಬೇರಿಂಗ್ ಗುಂಡು ನೇರ ಟೈಟೇನಿಯಂ ಮೇಲೆ ಓಡ್ತಿದ್ದರೆ ಗುಂಡಿನ ಜಾಡು ಬಿದ್ದು ಅಲಗು ಅಲ್ಲಾಡೋಕೆ ಶುರು, ನಡುವೆ ಸ್ಟೀಲ್ ವಾಷರ್ ಇರಲೇಬೇಕು. ಇನ್ನು ಅಲಗೇ ಟೈಟೇನಿಯಂ ಅಂದರೆ ಅಲ್ಲಿಂದ ಎದ್ದು ಬನ್ನಿ, ಅದು ಸಾಮಾನ್ಯವಾಗಿ ರಾಕ್‌ವೆಲ್ 40ರ ಹದವೂ ಮುಟ್ಟದ ಲೋಹ. ಚಿನ್ನದ ಬಣ್ಣದ ‘ಟೈಟೇನಿಯಂ ಬ್ಲೇಡ್’ ಅಂದರೆ ಸ್ಟೀಲ್ ಮೇಲೆ ಕೆಲವೇ ಮೈಕ್ರಾನ್ ಲೇಪ, ಒಂದೆರಡು ಸಲ ಸಾಣೆ ಹಿಡಿದರೆ ಬಾಯಲ್ಲಿ ಇರಲ್ಲ. ಅದೇ ದುಡ್ಡಿಗೆ ಜಿ10 (ಗಾಜಿನ ನಾರಿನ ಗಟ್ಟಿ ಪ್ಲಾಸ್ಟಿಕ್) ಹ್ಯಾಂಡಲಿನದು ತಗೊಂಡರೆ ಅಲಗಾದರೂ ಒಳ್ಳೇದು ಸಿಗುತ್ತೆ.

ತಗೊಳ್ಳಲೇಬೇಕು ಅಂದರೆ ಆರ್ಡರಿಗೆ ಮೊದಲು ಪೇಜಿನ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಡಬ್ಬಿ ಒಡೆಯುವಾಗ ವಿಡಿಯೋ ಮಾಡಿ, ಫೋಟೋದಲ್ಲಿದ್ದ ಲಾಕ್ ಅಲ್ಲದಿದ್ದರೆ ಸ್ಕ್ರೂ ಮುಟ್ಟದೆ ವಾಪಸ್ ಹಾಕಿ. ಗ್ರಾಹಕ ಸಹಾಯವಾಣಿ 1915ಕ್ಕೆ ನಾನು ದೂರು ಕೊಟ್ಟಿದ್ದೀನಿ. ನಿನ್ನೆ ಬೇರೆ ಫೋನಿಂದ ಆ ಪೇಜ್ ನೋಡಿದೆ. ಅದೇ ಫೋಟೋ, ಅದೇ ಫ್ರೇಮ್‌ಲಾಕ್, ‘ಫಿನಿಶ್’ ಮತ್ತೆ ಮಾಯ, ಬೆಲೆ ಈಗ 2,399.