ಮೂರು ಪೋಸ್ಟಿಗೆ ಹನ್ನೊಂದು ಜನ: ಅಪಾರ್ಟ್‌ಮೆಂಟ್ ಸೆಕ್ಯೂರಿಟಿ ಏಜೆನ್ಸಿಯೊಂದರ ವಿಮರ್ಶೆ

ಸೇವೆ: ಸೆಕ್ಯೂರಿಟಿ ಮತ್ತು ಹೌಸ್‌ಕೀಪಿಂಗ್. ಸ್ಥಳ: ಬೆಂಗಳೂರು, ಕನಕಪುರ ರಸ್ತೆ ಕಡೆಯ 140 ಮನೆಗಳ ಅಪಾರ್ಟ್‌ಮೆಂಟ್. ಅಂಕ: ಐದಕ್ಕೆ ಮೂರೂವರೆ.

ಈ ಏಜೆನ್ಸಿಗೆ ಒಳ್ಳೆಯ ಅಂಕ ಬರಲು ಮುಖ್ಯ ಕಾರಣ ಅದರ ಕೊಟೇಶನ್ನಿನ ಮೊದಲ ಸಾಲು. ಮೂರು ಪೋಸ್ಟ್, ಅಂದರೆ ದಿನದ 24 ಗಂಟೆಯೂ ಒಬ್ಬ ಗಾರ್ಡ್ ಇರಬೇಕಾದ ಮೂರು ಜಾಗ, ಕೇಳಿದ್ದಕ್ಕೆ ಹನ್ನೊಂದು ಗಾರ್ಡ್‌ಗಳ ಲೆಕ್ಕ ಕೊಟ್ಟರು. ಉಳಿದ ಏಜೆನ್ಸಿಯವರು ಒಂಬತ್ತು ಬರೆದು ಅಗ್ಗ ತೋರಿಸಿದ್ದರು. ಎಂಟೆಂಟು ಗಂಟೆಯ ಮೂರು ಶಿಫ್ಟ್, ವಾರವಿಡೀ ನಡೆದರೆ ಒಂದು ಪೋಸ್ಟಿಗೆ 21 ಡ್ಯೂಟಿ. ವಾರದ ರಜೆ ಕಳೆದರೆ ಒಬ್ಬ ಗಾರ್ಡ್ ಮಾಡುವುದು ಆರು. ಹಾಗಾಗಿ ಪೋಸ್ಟಿಗೆ ಮೂರೂವರೆ ಜನ, ಮೂರು ಪೋಸ್ಟಿಗೆ ಹತ್ತೂವರೆ. ಒಂಬತ್ತೇ ಜನ ಇದ್ದರೆ 63 ಡ್ಯೂಟಿಗಳಲ್ಲಿ 54 ಮಾತ್ರ ತುಂಬುತ್ತವೆ. ಮಿಕ್ಕ ಒಂಬತ್ತು ಪ್ರತಿ ವಾರವೂ ಯಾರದೋ ತಲೆಗೆ ಡಬಲ್ ಡ್ಯೂಟಿಯಾಗಿ ಬೀಳುತ್ತವೆ. ಹದಿನಾರು ಗಂಟೆ ದುಡಿದವನು ರಾತ್ರಿ ಮೂರಕ್ಕೆ ಕುರ್ಚಿಯಲ್ಲಿ ತೂಕಡಿಸಿದರೆ ವಾಟ್ಸ್‌ಆಪ್ ಗುಂಪಿಗೆ ಅವನ ಫೋಟೊ ಬರುತ್ತದೆ. ಆ ತೂಕಡಿಕೆಗೆ ಸಹಿ ಹಾಕಿದ್ದು ಸಂಘದ ಕಮಿಟಿಯೇ. ಕೊಟೇಶನ್ನಿನಲ್ಲಿ ಒಂಬತ್ತು ಅಂತಿದ್ದರೆ, ಆರರಲ್ಲೊಂದು ಪಾಲು ರಿಲೀವರ್ (ರಜೆಯಲ್ಲಿರುವವರ ಬದಲಿ ಗಾರ್ಡ್) ಚಾರ್ಜ್ ಬೇರೆ ಸಾಲಿನಲ್ಲಿ ಇದೆಯೇ ನೋಡಿ. ಇದ್ದರೆ ಲೆಕ್ಕ ಅಲ್ಲಿಗಲ್ಲಿಗೆ ಸರಿ.

ದರದ ವಿಷಯ. ಲೆಕ್ಕಕ್ಕೆ ತಿಂಗಳ ಸಂಬಳ ₹15,000 ಎಂದಿಟ್ಟುಕೊಳ್ಳೋಣ. ಪಿಎಫ್‌ನಲ್ಲಿ ಮಾಲೀಕರ ಪಾಲು, ವಿಮೆ, ಆಡಳಿತ ಶುಲ್ಕ ಸೇರಿ 13%, ಅಂದರೆ ₹1,950. ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) 3.25%, ₹487.50. ಕನಿಷ್ಠ ಬೋನಸ್ 8.33%, ₹1,249.50. ಇಷ್ಟಕ್ಕೇ ₹18,687 ಆಯಿತು. ಗ್ರಾಚ್ಯುಟಿ, ಯೂನಿಫಾರ್ಮ್, ಸರ್ವೀಸ್ ಚಾರ್ಜ್, ಇವೆಲ್ಲದರ ಮೇಲೆ 18% ಜಿಎಸ್‌ಟಿ ಇನ್ನೂ ಬಾಕಿ. ಅದೇ ಸಂಬಳ ಕೊಡುತ್ತೇವೆಂದು ತಲೆಗೆ ₹18,000ಕ್ಕೆ ಒಪ್ಪಿಕೊಳ್ಳುವವರು ತಮ್ಮ ಲಾಭ ಬಿಡುತ್ತಿಲ್ಲ, ಗಾರ್ಡಿನ ಪಾಲು ಮುರಿಯುತ್ತಿದ್ದಾರೆ. ಪಿಎಫ್ ಕಟ್ಟುವುದಿಲ್ಲ, ಯೂನಿಫಾರ್ಮಿನ ಹೆಸರಲ್ಲಿ ಸಂಬಳ ಹಿಡಿಯುತ್ತಾರೆ, ಒಂದು ದಿನ ರಜೆ ಹಾಕಿದರೆ ಎರಡು ದಿನದ್ದು ಕಡಿಯುತ್ತಾರೆ. ಈ ಏಜೆನ್ಸಿ ಪ್ರತಿಯೊಂದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಡುತ್ತದೆ. ಇದು ದೊಡ್ಡ ಗುಣ.

ಕಾಗದಪತ್ರದಲ್ಲಿ ಮಾತ್ರ ಒಂದು ಹುಳುಕಿದೆ. ಪಿಎಫ್ ಕಟ್ಟಲು ಮುಂದಿನ ತಿಂಗಳ 15ರವರೆಗೆ ಅವಕಾಶವಿರುವುದರಿಂದ, ಜೂನ್ ಬಿಲ್ಲಿನ ಜೊತೆ ಮೇ ತಿಂಗಳ ಇಸಿಆರ್ (ಪಿಎಫ್‌ಗೆ ಸಲ್ಲಿಸುವ ತಿಂಗಳ ವಿವರಪಟ್ಟಿ) ಕೇಳಬೇಕು. ಬರೀ ಚಲನ್ ಸಾಲದು. ಚಲನ್‌ನಲ್ಲಿ ಎಲ್ಲ ಸೈಟುಗಳದೂ ಸೇರಿದ ಒಟ್ಟು ಮೊತ್ತ ಇರುತ್ತದೆ. ಇಸಿಆರ್‌ನಲ್ಲಾದರೆ ಒಬ್ಬೊಬ್ಬರ ಹೆಸರು, ಯುಎಎನ್ (ಪಿಎಫ್ ಖಾತೆಯ ಸಂಖ್ಯೆ), ಸಂಬಳ, ಕಟ್ಟಿದ ಹಣ ಸಾಲುಸಾಲಾಗಿ ಕಾಣುತ್ತದೆ. ಅದನ್ನು ಗೇಟಿನ ಹಾಜರಿ ಪುಸ್ತಕದ ಪಕ್ಕ ಇಟ್ಟು ಒಂದೊಂದೇ ಹೆಸರು ಟಿಕ್ ಹಾಕಿದಾಗ ಹಳಬರ ಹೆಸರೆಲ್ಲ ಸಿಕ್ಕವು. ಹೊಸದಾಗಿ ಸೇರಿದವರ ಮೊದಲ ತಿಂಗಳು ಎರಡು ಸಲ ಬಿಟ್ಟುಹೋಗಿತ್ತು. ಒಂದು ತಿಂಗಳು ತಾನೇ ಎಂದು ಬಿಡುವ ಹಾಗಿಲ್ಲ. ಇಎಸ್‌ಐ ಕಂತೂ ಹೀಗೆಯೇ ಬಿಟ್ಟುಹೋದರೆ ಪೆಟ್ಟು ಗಾರ್ಡಿಗೇ. ಕಾಯಿಲೆ ಬಿದ್ದಾಗ ಇಎಸ್‌ಐನಿಂದ ಸಂಬಳದ 70% ವರ್ಷಕ್ಕೆ 91 ದಿನದವರೆಗೆ ಸಿಗಬೇಕಾದರೆ, ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ಕಂತು ಬಿದ್ದಿರಬೇಕು. ಕಂತು ತಪ್ಪಿದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಕೌಂಟರಿನಲ್ಲಿ ಪರದಾಡುವವರು ಯಾದಗಿರಿಯಿಂದಲೋ ಅಸ್ಸಾಮಿನಿಂದಲೋ ಬಂದ, ಈ ಊರಿನಲ್ಲಿ ಯಾರೂ ಇಲ್ಲದವರು. ದಯವಿಟ್ಟು ಈ ದಾಖಲೆಗಳನ್ನು ಕೇಳಿ ನೋಡಿ.

ಸಂಬಳ 7ನೇ ತಾರೀಖಿನೊಳಗೆ ಬ್ಯಾಂಕಿಗೆ ಬೀಳುತ್ತದೆ. ಜನ ಬಿಟ್ಟುಹೋಗದಿರಲು ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ಆದರೆ ಸಂಘವೂ ಬಿಲ್ ಹಣವನ್ನು ವಾರಗಟ್ಟಲೆ ಎಳೆಯಬಾರದು. ಮಧ್ಯಮ ಗಾತ್ರದ ಏಜೆನ್ಸಿಗೆ ಎರಡು ತಿಂಗಳ ಸಂಬಳ ಕೈಯಿಂದ ಹಾಕುವ ಶಕ್ತಿ ಇರುವುದಿಲ್ಲ.

ಈಗ ಅಂಕ ಕಳೆದುಕೊಂಡ ಕಡೆ. ಖಾಸಗಿ ಸೆಕ್ಯೂರಿಟಿ ಏಜೆನ್ಸಿಗಳ 2005ರ ಕಾಯ್ದೆಯಡಿಯ ಮಾದರಿ ನಿಯಮದಂತೆ ಹೊಸ ಗಾರ್ಡ್‌ಗೆ 100 ಗಂಟೆ ತರಗತಿ, 60 ಗಂಟೆ ಫೀಲ್ಡ್ ತರಬೇತಿ ಆಗಬೇಕು. ಸರ್ಟಿಫಿಕೇಟ್ ಎಲ್ಲರ ಬಳಿಯೂ ಇತ್ತು. ಆದರೆ ಬೆಂಕಿ ಆರಿಸುವ ಸಿಲಿಂಡರಿನ ಪಿನ್ ಎಳೆದು ತೋರಿಸಿ ಎಂದರೆ ಇಬ್ಬರಿಗೆ ಪಿನ್ ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ಸೇರಿದ ದಿನವೇ ಹೀಗೆ ಕೈಯಲ್ಲಿ ಮಾಡಿಸಿ ನೋಡುವುದು ಕ್ಷೇಮ: ಸಿಲಿಂಡರ್, ಲಿಫ್ಟ್ ಸಿಕ್ಕಿಕೊಂಡಾಗ ಮಾಡುವ ಕರೆ, ಜನರೇಟರ್ ಸ್ವಿಚ್, ನೀರಿನ ಮೇನ್ ವಾಲ್ವ್.

ರಾತ್ರಿ ಗಸ್ತಿಗೆ ಅವರು ಗೋಡೆಗಳಿಗೆ ಕ್ಯೂಆರ್ ಕೋಡ್ ಅಂಟಿಸಿದ್ದರು. ಕೋಡ್‌ಗಳ ಫೋಟೊ ತೆಗೆದುಕೊಂಡು ಗೇಟಿನಲ್ಲೇ ಕೂತು ಸ್ಕ್ಯಾನ್ ಮಾಡಬಹುದು, ಮಾಡುತ್ತಿದ್ದರು ಕೂಡ. ಬೇಸ್‌ಮೆಂಟಿನಿಂದ ಟೆರೇಸಿಗೆ ನಲವತ್ತು ಸೆಕೆಂಡಿನಲ್ಲಿ ಹೋದಂತೆ ರಿಪೋರ್ಟ್ ಬಂದರೆ ಅನುಮಾನ ಪಡಿ. ಎನ್‌ಎಫ್‌ಸಿ ಟ್ಯಾಗ್ ಹಾಕಿದರೆ ಫೋನನ್ನು ಹತ್ತಿರ ಹಿಡಿಯಲೇಬೇಕು. ದೂರು ಕೊಟ್ಟ ಮೇಲೆ ಟ್ಯಾಗ್ ಹಾಕಿಸಿದರು. ಸೈಟುಗಳ ಉಸ್ತುವಾರಿ ನೋಡುವ ಏಜೆನ್ಸಿಯ ಫೀಲ್ಡ್ ಆಫೀಸರ್ ರಾತ್ರಿ ರೌಂಡ್ಸ್ ಬಂದಿದ್ದರೆ ಇದನ್ನು ಅವರೇ ಹಿಡಿಯಬೇಕಿತ್ತು. ಒಬ್ಬರಿಗೇ ವಿಪರೀತ ಸೈಟುಗಳನ್ನು ಹೊರಿಸಿದ್ದಾರೆ, ಅರ್ಧ ಅಂಕ ಹೋಗಿದ್ದು ಅದಕ್ಕೇ.

ಹೌಸ್‌ಕೀಪಿಂಗ್ ಪರವಾಗಿಲ್ಲ. ಆರು ಜನರಲ್ಲಿ ದಿನಕ್ಕೆ ಐವರು ಕೆಲಸಕ್ಕೆ, ರಜೆ ಸರದಿ ಪ್ರಕಾರ. ಮೆಟ್ಟಿಲು ಮೇಲಿನಿಂದ ಕೆಳಕ್ಕೆ, ಮೊದಲು ಒಣ ಮಾಪು, ಆಮೇಲೆ ಒದ್ದೆ ಮಾಪು, ಈ ಕ್ರಮ ತಪ್ಪುವುದಿಲ್ಲ. ತಪ್ಪುವುದು ನೀರು ಬದಲಿಸುವುದರಲ್ಲಿ. ಒಂದೇ ಬಕೆಟ್ ನೀರಿನಲ್ಲಿ ಮೂರು ಮಹಡಿ ಒರೆಸಿದರೆ ಗ್ರಾನೈಟಿನ ಮೇಲೆ ಒಣಗಿದ ನಂತರ ಬೂದು ಗೆರೆಗಳು ಏಳುತ್ತವೆ. ಒಂದು ಬಕೆಟ್ ಸೊಲ್ಯೂಶನ್ನಿಗೆ, ಇನ್ನೊಂದು ಮಾಪು ಹಿಂಡಲು ಎಂದು ಎರಡು ಕೊಟ್ಟ ಮೇಲೆ ಸರಿಹೋಯಿತು. ಟಾಯ್ಲೆಟ್ ಆಸಿಡ್ ಮತ್ತು ಬ್ಲೀಚಿಂಗ್ ಪೌಡರನ್ನು ಒಟ್ಟಿಗೆ ಬಳಸುವುದನ್ನು ಕಂಡರೆ ತಕ್ಷಣ ನಿಲ್ಲಿಸಿ. ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿ ಇಲ್ಲದ ಟಾಯ್ಲೆಟ್ಟಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಗುಂಡಿಗೆ ಹೌಸ್‌ಕೀಪಿಂಗ್‌ನವರನ್ನು ಇಳಿಸುವಂತಿಲ್ಲ ಎಂದು ಈ ಏಜೆನ್ಸಿ ಕರಾರಿನಲ್ಲೇ ಬರೆದಿದೆ. ಬೇರೆ ಏಜೆನ್ಸಿ ತೆಗೆದುಕೊಂಡರೂ ಆ ಸಾಲನ್ನು ಬರೆಸಿಕೊಳ್ಳಿ.

ಯಾರಾದರೂ ಬರದಿದ್ದರೆ ಎರಡು ಗಂಟೆಯಲ್ಲಿ ಬದಲಿ ಎಂಬ ಮಾತು ಮಾಮೂಲಿ ದಿನಗಳಲ್ಲಿ ನಡೆಯುತ್ತದೆ. ಯುಗಾದಿ, ಗೌರಿ-ಗಣೇಶ, ದೀಪಾವಳಿ ಹಿಂದೆಮುಂದೆ ನಡೆಯುವುದಿಲ್ಲ. ಹಬ್ಬಕ್ಕೆ ಮೂರು ವಾರ ಮುಂಚೆಯೇ ಯಾರು ಊರಿಗೆ, ಯಾರು ಇಲ್ಲಿ ಎಂಬ ಪಟ್ಟಿ ಬರೆಸಿಕೊಂಡರೆ ಮಾತ್ರ ಗೇಟ್ ಖಾಲಿಯಾಗದು.

ನೂರು ಮನೆ ದಾಟಿದ ಅಪಾರ್ಟ್‌ಮೆಂಟುಗಳಿಗೆ ಧೈರ್ಯವಾಗಿ ಹೇಳಬಹುದು. ಒಂದೇ ಗೇಟಿನ ಸಣ್ಣ ಕಟ್ಟಡಕ್ಕೆ ಬೇಡ: ಅಲ್ಲಿ ಬೇಕಾಗುವುದು ಮೂರೂವರೆ ಜನ, ಈ ಏಜೆನ್ಸಿ ಅರ್ಧ ರಿಲೀವರನ್ನು ಪಕ್ಕದ ಸೈಟಿನ ಜೊತೆ ಹಂಚುವುದಿಲ್ಲ, ನಾಲ್ವರ ದುಡ್ಡು ಕೊಡಬೇಕಾಗುತ್ತದೆ.