ರಾಮ್ಸೆ ಬೈಗುಳ: ಅಲ್ಲಿ ಗಡಿಯಾರ, ಇಲ್ಲಿ ಬೀಪ್

ಬಾಣಸಿಗ ಗಾರ್ಡನ್ ರಾಮ್ಸೆಯ ಬೈಗುಳವನ್ನು ನಾನು ಎರಡು ದೇಶದ ಟಿವಿಯಲ್ಲಿ ಕೇಳಿದ್ದೇನೆ. ಮೊದಲು ಬ್ರಿಟನ್ನಿನ ಚಾನೆಲ್ 4ರಲ್ಲಿ, ಆಮೇಲೆ ಕೆಲಸದ ಮೇಲೆ ಅಮೆರಿಕಕ್ಕೆ ಹೋದಾಗ ಫಾಕ್ಸ್‌ನಲ್ಲಿ. ಅವನ 'ಕಿಚನ್ ನೈಟ್‌ಮೇರ್ಸ್' ಕಾರ್ಯಕ್ರಮ ಬ್ರಿಟನ್ನಿನಲ್ಲಿ 2004ಕ್ಕೆ ಶುರು, ಅಮೆರಿಕದಲ್ಲಿ 2007ಕ್ಕೆ. ಕಥೆ ಒಂದೇ. ಮುಳುಗುತ್ತಿರುವ ಹೋಟೆಲಿಗೆ ಹೋಗುವುದು, ಫ್ರಿಜ್ ತೆಗೆದು ಮೂಗು ಮುಚ್ಚಿಕೊಳ್ಳುವುದು, ಮಾಲೀಕನಿಗೆ ಬಾಯಿಗೆ ಬಂದ ಹಾಗೆ ಬೈಯುವುದು.

ಬ್ರಿಟನ್ನಿನಲ್ಲಿ ಎಲ್ಲ ಗಡಿಯಾರದ ಲೆಕ್ಕ. ರಾತ್ರಿ 9ರಿಂದ ಬೆಳಗಿನ 5.30ರವರೆಗೆ ದೊಡ್ಡವರ ಹೊತ್ತು. ಅದಕ್ಕೆ ವಾಟರ್‌ಶೆಡ್ ಅನ್ನುತ್ತಾರೆ, ಕಾವಲು ಟಿವಿ ಮೇಲೆ ಕಣ್ಣಿಡುವ ಆಫ್‌ಕಾಮ್ ಸಂಸ್ಥೆಯದು. ಭಾಷೆ ಖಾರವಾಗಿದೆ ಅಂತ ಮೊದಲೇ ಒಂದು ಮೆಲುದನಿ ಎಚ್ಚರಿಸುತ್ತದೆ. ಆಮೇಲೆ ಎಫ್ ಪದದ ಸುರಿಮಳೆ. ಹತ್ತು ನಿಮಿಷಕ್ಕೆ ಕಿವಿ ಒಗ್ಗಿಹೋಗುತ್ತದೆ.

ಫಾಕ್ಸ್‌ನಲ್ಲಿ ಬರೀ ಬೀಪ್, ಮೇಲೆ ಬಾಯಿಗೆ ಮಸುಕು ಬೇರೆ. ಅಮ್ಮ ಎರಡೂ ಕಡೆ ಬಂದು ನಮ್ಮ ಜೊತೆ ಇದ್ದರು. ಇಂಗ್ಲಿಷ್ ಬರುವುದಿಲ್ಲ. ಬ್ರಿಟನ್ನಿನಲ್ಲಿ ರಾಮ್ಸೆ ಎಷ್ಟೇ ಕೂಗಾಡಿದರೂ ಸುಮ್ನೆ ಸೊಪ್ಪು ಬಿಡಿಸುತ್ತಾ ಕೂತಿರುತ್ತಿದ್ದರು. ಅಮೆರಿಕದಲ್ಲಿ ಪ್ರತಿ ಬೀಪ್‌ಗೂ ತಲೆ ಎತ್ತಿ, "ಈಗ ಏನಂದ?"

"ಉಪ್ಪು ಜಾಸ್ತಿ ಆಯ್ತಂತೆ ಅಮ್ಮ."

"ಅದಕ್ಕ್ಯಾಕೋ ಬಾಯಿ ಮುಚ್ಚಬೇಕು?"

ಅಮೆರಿಕದ ನಿಯಮದಲ್ಲಿ ಗಡಿಯಾರಕ್ಕಿಂತ ದಾರಿ ಮುಖ್ಯ. ಬೈಗುಳದ ವಿಷಯದಲ್ಲಿ ಆಂಟೆನಾದಲ್ಲಿ ಬಿಟ್ಟಿಯಾಗಿ ಬರುವ ಚಾನೆಲ್ ಮಾತ್ರ ಎಫ್‌ಸಿಸಿ ಅನ್ನುವ ಸರ್ಕಾರಿ ಸಂಸ್ಥೆಯ ಕೈಯಲ್ಲಿದೆ. ಹಾಸ್ಯಗಾರ ಜಾರ್ಜ್ ಕಾರ್ಲಿನ್‌ನ ಬೈಗುಳದ ಮಾತು ರೇಡಿಯೋದಲ್ಲಿ ಬಂದು ಕೇಸಾಗಿ, 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎಫ್‌ಸಿಸಿಯ ಆ ಅಧಿಕಾರ ಸರಿ ಅಂದಿತು. 2006ರಲ್ಲಿ ದಂಡ ತಪ್ಪೊಂದಕ್ಕೆ 3,25,000 ಡಾಲರ್‌ವರೆಗೆ ಏರಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕಾನೂನು ಸಡಿಲ. ಆದರೂ ಜಾಹೀರಾತಿನವರಿಗೆ ಹೆದರಿ ಬೀಪ್ ಹಾಕುತ್ತಾರೆ! ದುಡ್ಡು ಕೊಟ್ಟು ಎಚ್‌ಬಿಒ ಥರದ ಕೇಬಲ್ ಚಾನೆಲ್ ಹಾಕಿಸಿಕೊಂಡರೆ ಅದೇ ಸೋಫಾ, ಅದೇ ಟಿವಿ, ಯಾವ ತಡೆಯೂ ಇಲ್ಲ.

ಇನ್ನೊಂದು ತಮಾಷೆ. ಬ್ರಿಟನ್ನಿನಲ್ಲಿ ಹಗಲು ಹೊತ್ತು 'ವ್ಯಾಂಕರ್' ಅನ್ನುವ ಬೈಗುಳ ಆಡಿದರೆ ಜನ ಮುಖ ಸಿಂಡರಿಸುತ್ತಾರೆ. ಅಮೆರಿಕದವರಿಗೆ ಅದು ಏನೋ ಮುದ್ದಾದ ಇಂಗ್ಲೆಂಡ್ ಮಾತು, ಬೀಪ್ ಇಲ್ಲದೆ ದಾಟಿಬಿಡುತ್ತದೆ. 'ಬ್ಲಡಿ' ವಿಷಯದಲ್ಲಿ ನಾವೂ ಹಾಗೇ ಅಲ್ವಾ? ನಮ್ಮ ಗಣಿತದ ಮೇಷ್ಟ್ರು ದಿನಕ್ಕೆ ಹತ್ತು ಸಲ 'ಬ್ಲಡಿ ಫೂಲ್' ಅನ್ನುತ್ತಿದ್ದರು, ಅದು ಬೈಗುಳ ಅಂತ ನಮಗೆ ಅನ್ನಿಸಿದ್ದೇ ಇಲ್ಲ.

ನನ್ನ ಓಟು ಬ್ರಿಟನ್ನಿಗೆ. ಬೀಪ್ ಕೇಳಿ ಕೇಳಿ ತಲೆನೋವು ಬರುತ್ತದೆ. ಹನ್ನೊಂದರ ಮಗಳು ಪಕ್ಕದಲ್ಲಿದ್ದಾಗ ಮಾತ್ರ ಫಾಕ್ಸ್‌ನದು ಹಾಕುತ್ತೇನೆ. ಬೀಪ್ ಬಂದಾಗಲೆಲ್ಲ ಅವಳು ಆ ಜಾಗಕ್ಕೆ ಸರಿಯಾದ ಪದ ತುಂಬಿಕೊಂಡು ನಗುತ್ತಾಳೆ.