ಬರ ಮತ್ತು ಜನಾಭಿಪ್ರಾಯ: ಆಫ್ರೋಬ್ಯಾರೋಮೀಟರ್ ಡೇಟಾ ಎಷ್ಟು ಉಪಯೋಗ?

ಬರದ ಬಗ್ಗೆ ಜನ ಏನು ಯೋಚಿಸುತ್ತಾರೆ ಅಂತ ಅಧ್ಯಯನ ಮಾಡುವವರು ಯಾವ ಸಮೀಕ್ಷೆಯಿಂದ ಶುರು ಮಾಡಬೇಕು ಅಂತ ಕೇಳಿದರೆ ನಾನು ಮೊದಲು ಹೇಳುವ ಹೆಸರು ಆಫ್ರೋಬ್ಯಾರೋಮೀಟರ್. 1999ರಿಂದ ಆಫ್ರಿಕಾದ ದೇಶಗಳಲ್ಲಿ ನಡೆಯುತ್ತಿರುವ ಸಮೀಕ್ಷೆ ಇದು. ಎದುರು ಕೂತು, ಉತ್ತರ ಕೊಡುವವರು ಆರಿಸಿಕೊಂಡ ಭಾಷೆಯಲ್ಲೇ ಪ್ರಶ್ನೆ ಕೇಳುತ್ತಾರೆ. ಸಾಮಾನ್ಯವಾಗಿ ಒಂದು ದೇಶಕ್ಕೆ 1,200 ಅಥವಾ 2,400 ಜನ. ಡೇಟಾ ಉಚಿತ, ಎಸ್‌ಪಿಎಸ್‌ಎಸ್ (ಅಂಕಿಅಂಶ ತಂತ್ರಾಂಶ) ಫೈಲ್ ಇಳಿಸಿಕೊಂಡು ಆರ್ ಅನ್ನುವ ಇನ್ನೊಂದು ಅಂಕಿಅಂಶ ತಂತ್ರಾಂಶದಲ್ಲಿ ತೆರೆದರೂ ಆಯಿತು.

ನನಗೆ ತುಂಬಾ ಇಷ್ಟವಾಗಿದ್ದು 7ನೇ ಸುತ್ತು. 2016ರಿಂದ 2018ರವರೆಗೆ 34 ದೇಶಗಳಲ್ಲಿ ನಡೆದದ್ದು. ನೀವಿರುವ ಜಾಗದಲ್ಲಿ ಕಳೆದ 10 ವರ್ಷಗಳಲ್ಲಿ ಬರದ ತೀವ್ರತೆ ಜಾಸ್ತಿಯಾಗಿದೆಯೋ, ಕಡಿಮೆಯಾಗಿದೆಯೋ, ಹಾಗೇ ಇದೆಯೋ ಅಂತ ನೇರವಾಗಿ ಕೇಳಿದ್ದಾರೆ. ಈ ಪ್ರಶ್ನೆಯೊಳಗೆ ಹವಾಮಾನ ಬದಲಾವಣೆ ಅನ್ನುವ ಮಾತೇ ಬರಲ್ಲ. ಆ ಮಾತು ನಿಮ್ಮ ಕಿವಿಗೆ ಬಿದ್ದಿದೆಯಾ ಅನ್ನುವುದು ಬೇರೆಯೇ ಪ್ರಶ್ನೆ, ಅದಕ್ಕೆ ಹೌದು ಅಂದವರು ಸರಾಸರಿ 58% ಅಷ್ಟೇ. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ತುರುಕಿದ್ದರೆ ಉಳಿದವರ ಅನುಭವ ಕೈತಪ್ಪಿ ಹೋಗುತ್ತಿತ್ತು, ಅಲ್ವಾ? ಆ ಮಾತು ಕೇಳದವರಿಗೂ ಬೆಳೆ ಒಣಗಿದ್ದು ಗೊತ್ತಿರುತ್ತದೆ.

ಆದರೆ ಬರ ಅನ್ನುವ ಒಂದೇ ಕಾಲಂ ನೋಡಿ ನಿಲ್ಲಿಸಬೇಡಿ. ಕಳೆದ ಒಂದು ವರ್ಷದಲ್ಲಿ ನಿಮ್ಮ ಮನೆಗೆ ಸಾಕಷ್ಟು ಶುದ್ಧ ನೀರಿಲ್ಲದೆ ಎಷ್ಟು ಸಲ ಕಷ್ಟವಾಯಿತು ಅನ್ನುವ ಪ್ರಶ್ನೆಯೂ ಇದೆ. ಸಂದರ್ಶನ ಮಾಡಿದ ಜಾಗದಲ್ಲಿ ಕೊಳಾಯಿ ವ್ಯವಸ್ಥೆ ಇದೆಯಾ ಅಂತ ಸಮೀಕ್ಷೆಯವರೇ ನೋಡಿ ಬರೆದಿರುತ್ತಾರೆ. ಸರ್ಕಾರ ನೀರು, ನೈರ್ಮಲ್ಯದ ಕೆಲಸ ಹೇಗೆ ಮಾಡುತ್ತಿದೆ ಅಂತಲೂ ಕೇಳುತ್ತಾರೆ. ಈ ಮೂರನ್ನೂ ಪಕ್ಕದಲ್ಲಿಟ್ಟುಕೊಂಡರೆ ಮಳೆ ಬರದೆ ನೀರಿಲ್ಲದವರು ಯಾರು, ಪೈಪ್ ಬರದೆ ನೀರಿಲ್ಲದವರು ಯಾರು, ಇವರಲ್ಲಿ ಸರ್ಕಾರದ ಮೇಲೆ ಸಿಟ್ಟು ಯಾರಿಗೆ ಜಾಸ್ತಿ ಅನ್ನುವುದನ್ನು ಬಿಡಿಸಿ ನೋಡಬಹುದು. ಜನಾಭಿಪ್ರಾಯದ ನಿಜವಾದ ಅಧ್ಯಯನ ಶುರುವಾಗುವುದೇ ಇಲ್ಲಿ.

ದೇಶದ ಮುಖ್ಯ ಸಮಸ್ಯೆ ಯಾವುದು ಅನ್ನುವ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡಿ. ಒಬ್ಬರು ಮೂರು ಉತ್ತರ ಕೊಡಬಹುದು. ಬರಕ್ಕೆ ಪ್ರತ್ಯೇಕ ಕೋಡ್ (ಫೈಲಿನಲ್ಲಿ ಆ ಉತ್ತರವನ್ನು ಗುರುತಿಸುವ ಸಂಖ್ಯೆ) ಇದೆ ನಿಜ, ಆದರೆ ಬರದಿಂದ ನೊಂದವರು ನೀರು ಅನ್ನಬಹುದು, ಕೃಷಿ ಅನ್ನಬಹುದು, ಆಹಾರದ ಕೊರತೆ ಅನ್ನಬಹುದು. ಬರದ ಕೋಡ್ ಒಂದನ್ನೇ ಎಣಿಸಿ ಜನರಿಗೆ ಇದರ ಚಿಂತೆಯೇ ಇಲ್ಲ ಅಂತ ಬರೆದರೆ ಅದು ಅನ್ಯಾಯ.

ಮಳೆ ಲೆಕ್ಕಕ್ಕೆ ನಾನು ಜೊತೆಗೆ ಬಳಸುವುದು ಬರವನ್ನು ಅಳೆಯುವ ಎಸ್‌ಪಿಇಐ ಸೂಚ್ಯಂಕ. 2010ರಲ್ಲಿ ಬಂದದ್ದು. ಬಿದ್ದ ಮಳೆಯ ಜೊತೆ ಬಿಸಿಲಿಗೆ ಆವಿಯಾಗಬಹುದಾದ ನೀರನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ, ಇದೂ ಉಚಿತ. ಬೆಳೆಯ ಸಂಕಷ್ಟಕ್ಕೆ 3 ತಿಂಗಳ ಲೆಕ್ಕ ನೋಡಿ, ಜಲಾಶಯಗಳ ವಿಷಯಕ್ಕೆ 12 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ. ಪ್ರತಿ ಸಂದರ್ಶನದ ತಾರೀಕು ಫೈಲಿನಲ್ಲೇ ಇರುತ್ತದೆ, ಅದನ್ನು ಬಳಸಿಕೊಳ್ಳಲೇಬೇಕು. ಒಂದೇ ಸುತ್ತಿನಲ್ಲಿ ಒಂದು ದೇಶದವರನ್ನು ಬೇಸಿಗೆಯ ಕೊನೆಯಲ್ಲಿ, ಇನ್ನೊಂದು ದೇಶದವರನ್ನು ಸುಗ್ಗಿ ಮುಗಿದ ಮೇಲೆ ಕೇಳಿರಬಹುದು. 2015-16ರ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಮಳೆ ಏರುಪೇರಾಗುವುದು) ಬರದಲ್ಲಿ ಆಫ್ರಿಕಾದ ದಕ್ಷಿಣ ಭಾಗ ಬೆಂದು ಹೋಗಿತ್ತು, ಅದರ ಬೆನ್ನಲ್ಲೇ 10 ವರ್ಷದ ಬಗ್ಗೆ ಕೇಳಿದರೆ ಜನರ ನೆನಪಿಗೆ ಮೊದಲು ಬರುವುದು ಆ ವರ್ಷವೇ ಇರಬಹುದು. ಇದನ್ನೆಲ್ಲ ನೋಡದೆ ಸುಮ್ನೆ ದೇಶಗಳಿಗೆ ರ‍್ಯಾಂಕ್ ಕೊಡಬೇಡಿ. ಉತ್ತರವೂ ಎಸ್‌ಪಿಇಐ ಅಂಕಿಯೂ ಹೊಂದದಿದ್ದಾಗ ಜನ ತಪ್ಪು ಹೇಳಿದರು ಅಂತಲೂ ತೀರ್ಮಾನಿಸಬೇಡಿ. ಜಾಗತಿಕ ಎಸ್‌ಪಿಇಐ ನಕ್ಷೆಯನ್ನು ಚೌಕಗಳಾಗಿ ಹಂಚಿರುತ್ತಾರೆ, ಒಂದು ಚೌಕ ಸಮಭಾಜಕದ ಹತ್ತಿರ ಸುಮಾರು 55 ಕಿಲೋಮೀಟರ್ ಅಗಲ. ಅಷ್ಟರೊಳಗೆ ಒಂದು ಊರಿಗೆ ಮಳೆಯಾಗಿ ಪಕ್ಕದ ಊರಿಗೆ ಆಗದೇ ಇರಬಹುದು.

ಬಳಸುವಾಗ ಎರಡು ಎಚ್ಚರಿಕೆ. ಗೊತ್ತಿಲ್ಲ ಅನ್ನುವ ಉತ್ತರಕ್ಕೆ ಸಾಮಾನ್ಯವಾಗಿ 9 ಅನ್ನುವ ಕೋಡ್ ಇರುತ್ತದೆ, ಅದನ್ನು ಬೇರೆ ಮಾಡದೆ ಸರಾಸರಿ ತೆಗೆದರೆ ಲೆಕ್ಕವೆಲ್ಲ ಹಾಳು. ಉತ್ತರಗಳು ಇಡೀ ದೇಶವನ್ನು ಸರಿಯಾಗಿ ಪ್ರತಿನಿಧಿಸುವಂತೆ ಹೊಂದಿಸುವ ತೂಕದ ಕಾಲಂಗಳನ್ನೂ ಬಿಡಬೇಡಿ. ಇನ್ನೊಂದು, 1,200 ಜನರ ಸಮೀಕ್ಷೆಯ ಫಲಿತಾಂಶ ಸುಮಾರು 3 ಶೇಕಡಾ ಅಂಶ ಆಚೀಚೆ ಆಗಬಹುದು ಅನ್ನುವ ಮಾತು ಇಡೀ ದೇಶದ ಅಂಕಿಗೆ. ಒಂದೊಂದು ಜಾಗದಲ್ಲಿ ಕೇಳಿರುವುದು ಸಾಮಾನ್ಯವಾಗಿ 8 ಜನರನ್ನು, ಅದರಿಂದ ಊರಿನ ಮಟ್ಟದ ಶೇಕಡಾವಾರು ತೆಗೆಯಲು ಹೋಗಬೇಡಿ.

ನಾನು 5ಕ್ಕೆ 4 ಕೊಡುತ್ತೇನೆ. ಪ್ರತಿ ಸುತ್ತಿನಲ್ಲೂ ಕೇಳುವುದು ಬೇರೆ ಜನರನ್ನು, ಹಾಗಾಗಿ ಬರಕ್ಕೆ ಮುಂಚೆ ಒಂದು ಮಾತು ಹೇಳಿದ ರೈತ ಬರದ ನಂತರ ಏನು ಹೇಳಿದ ಅಂತ ಇದರಲ್ಲಿ ಹುಡುಕಲು ಆಗಲ್ಲ. ಬರ ತಾಳಲಾರದೆ ಊರು ಬಿಟ್ಟು ಹೋದವರು ಸಮೀಕ್ಷೆಯವರು ಬಂದಾಗ ಆ ಊರಿನಲ್ಲಿ ಇರುವುದೇ ಇಲ್ಲ. ಒಂದು ಅಂಕ ಕಡಿಮೆ ಕೊಟ್ಟಿದ್ದು ಅದಕ್ಕೇ.